ಕಾಡಿಗೆ ಹೋಗೋಕೂ ಚೀಟಿ

ವಾಷಿಂಗ್ಟನ್ ರಾಜ್ಯದಲ್ಲಿ ಚಾರಣದ ಹುಚ್ಚಿರುವವರ ಕಾರಿನ ಡ್ಯಾಶ್‌ಬೋರ್ಡ್ ನೋಡಿದರೆ ನಂಗೆ ನಮ್ಮೂರ ಶ್ಯಾನುಭೋಗರ ಪೆಟ್ಟಿಗೆ ನೆನಪಾಗುತ್ತದೆ. ಬರೀ ಚೀಟಿ. ರಾಷ್ಟ್ರೀಯ ಅರಣ್ಯದ ಟ್ರೇಲ್‌ಗಳ ಬುಡದಲ್ಲಿ ಗಾಡಿ ನಿಲ್ಲಿಸೋಕೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್, ದಿನಕ್ಕೆ 5 ಡಾಲರ್, ವರ್ಷಕ್ಕೆ 30. ರಾಜ್ಯ ಸರ್ಕಾರದ ಪಾರ್ಕುಗಳಿಗೆ ಡಿಸ್ಕವರ್ ಪಾಸ್ ಅಂತ ಬೇರೆಯದೇ ಒಂದು. ಇಡೀ ದೇಶದ ನ್ಯಾಷನಲ್ ಪಾರ್ಕುಗಳಿಗೆ ನಡೆಯುವ ದೊಡ್ಡ ಪಾಸ್ ಇದ್ದರೆ ಮೊದಲನೆಯದು ಬೇಡ, ಎರಡನೆಯದು ಬೇಕು. ಇಷ್ಟು ಅರ್ಥ ಮಾಡಿಕೊಳ್ಳೋದಕ್ಕೆ ನಂಗೆ ಎರಡು ಬೇಸಿಗೆ ಹಿಡಿಯಿತು. ಅಂತೂ ತಿಳೀತು ಅನ್ನುವಷ್ಟರಲ್ಲಿ ಹಿಮ ಬೀಳುತ್ತದೆ, ಅದೇ ಜಾಗದಲ್ಲಿ ಹೊಸ ಬೋರ್ಡು ಎದ್ದಿರುತ್ತದೆ: ಸ್ನೋ-ಪಾರ್ಕ್. ಅದಕ್ಕೆ ಮತ್ತೊಂದು ಚೀಟಿ.

2020ರ ಜನವರಿ. ಅಪ್ಪಯ್ಯ, ಅಮ್ಮ ನಮ್ಮನೆಗೆ ಬಂದಿದ್ದರು. ಅಮ್ಮನಿಗೆ ಮೊಮ್ಮಗ ಸಿಕ್ಕಿದ್ದ, ಅಷ್ಟು ಸಾಕಿತ್ತು. ಅಪ್ಪಯ್ಯನಿಗೆ ಹೊತ್ತು ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು. ದಿನಾ ಹತ್ತು ಮೈಲಿ ನಡೆದ ಕಾಲು ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ ಏನು ಮಾಡಬೇಕು? ಕಿಟಕಿ ಹತ್ತಿರ ನಿಂತು ಮಳೆ ನೋಡೋದು, "ಇದೆಂತ ಮಳೆ ಮಾರಾಯ್ತಿ, ಸುರಿಯೋದೂ ಇಲ್ಲ, ಬಿಡೋದೂ ಇಲ್ಲ" ಅನ್ನೋದು. ಆಗುಂಬೆ ಸೀಮೆಯ ಮಳೆ ಕಂಡವರಿಗೆ ಸಿಯಾಟಲ್ ಮಳೆ ಒಂದು ಮಳೆಯೇ?

ಒಂದು ಶನಿವಾರ ಬಿಸಿಲು ಬಂತು. ಹಿಮ ತೋರಿಸ್ತೀನಿ ಬನ್ನಿ ಅಂತ ಹೊರಡಿಸಿದೆ. ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಒಂದು ಗಂಟೆಯಲ್ಲಿ ಸ್ನೋಕ್ವಾಲ್ಮಿ ಪಾಸ್, ಸುಮಾರು ಮೂರು ಸಾವಿರ ಅಡಿ ಎತ್ತರದ ಘಾಟಿ. ಅಲ್ಲಿಂದ ಸ್ವಲ್ಪ ಮುಂದೆ, ಎಕ್ಸಿಟ್ 54ರಲ್ಲಿ ಇಳಿದರೆ ಗೋಲ್ಡ್ ಕ್ರೀಕ್ ಪಾಂಡ್. ಹೆದ್ದಾರಿ ಕಟ್ಟುವಾಗ ಜಲ್ಲಿಗೆ ಅಗೆದ ಗುಂಡಿ ಅದು; ನೀರು ತುಂಬಿ ಈಗ ಚಂದದ ಕೊಳ ಆಗಿದೆ. ಬೇಸಿಗೆಯಲ್ಲಿ ಎಷ್ಟೋ ಸಲ ಹೋಗಿದ್ದೆ. ಫಾರೆಸ್ಟ್ ಪಾಸ್ ಡ್ಯಾಶ್‌ಬೋರ್ಡ್ ಮೇಲೇ ಇತ್ತು. ಚಿತ್ರಾನ್ನ ಕಟ್ಟಿಕೊಂಡು ಹೋದೆವು.

ಹೋಗಿ ನೋಡಿದರೆ ರಸ್ತೆಯ ಎರಡೂ ಕಡೆ ಆಳೆತ್ತರದ ಹಿಮದ ಗೋಡೆ. ನಡುವೆ ಒಪ್ಪವಾಗಿ ಕೆರೆದು ಮಾಡಿದ ಜಾಗದಲ್ಲಿ ಸಾಲಾಗಿ ಗಾಡಿಗಳು. ಪಕ್ಕದಲ್ಲಿ ಬೋರ್ಡು: ಸ್ನೋ-ಪಾರ್ಕ್ ಪರ್ಮಿಟ್ ಕಡ್ಡಾಯ. ನಮ್ಮ ಫಾರೆಸ್ಟ್ ಪಾಸ್ ಅಲ್ಲಿ ನಡೆಯೋಲ್ಲ. ಆ ವರ್ಷ ಪರ್ಮಿಟ್ಟಿಗೆ ದಿನಕ್ಕೆ 20 ಡಾಲರ್, ಇಡೀ ಸೀಸನ್ನಿಗೆ 40. ಅಲ್ಲೇ ದುಡ್ಡು ಕಟ್ಟೋಣ ಅಂದರೆ ಅದಕ್ಕೆ ವ್ಯವಸ್ಥೆ ಇಲ್ಲ, ಮೊದಲೇ ತಂದಿರಬೇಕು. ಅಂಗಡಿ ಹುಡುಕಿಕೊಂಡು ವಾಪಸ್ ಘಾಟಿಗೆ ಹೋಗಬೇಕು.

ನಂಗೆ ರೇಗಿತು. ಅದೇ ಜಾಗ, ಅದೇ ಕಾಡು, ಈಗಾಗಲೇ ವರ್ಷದ ದುಡ್ಡು ಕೊಟ್ಟಿದ್ದೀನಿ. ಒಂದು ಗಂಟೆ ನಡೆದು ಬರೋದಕ್ಕೆ ಮತ್ತೆ 20 ಡಾಲರಾ? ಗಾಡಿ ಸಾಲಿನಲ್ಲಿ ನಿಲ್ಲಿಸಿ, "ಬನ್ನಿ ಅಪ್ಪಯ್ಯ, ಯಾರೂ ನೋಡೋಲ್ಲ" ಅಂದೆ.

ಅಪ್ಪಯ್ಯ ಸೀಟ್ ಬೆಲ್ಟ್ ತೆಗೆಯಲಿಲ್ಲ. "ಅದು ಎಂತ ಬೋರ್ಡು?" ಅಂದರು.

ಹೇಳಿದೆ.

"ಚೀಟಿ ತಗೊಂಡಿದ್ಯಾ?"

ಇಲ್ಲಿ ನಾನು ನನ್ನ ವಿದ್ಯೆ ತೋರಿಸಿದೆ. ಈ ಶುಲ್ಕದ ಜಗಳ ಹಳೆಯದು. 1996ರಲ್ಲಿ ಪ್ರಯೋಗ ಅಂತ ಶುರುವಾದದ್ದು, 2004ರಲ್ಲಿ ಕಾಯ್ದೆಯೇ ಆಯಿತು. ಆ ಕಾಯ್ದೆಯಲ್ಲೇ, ಬರೀ ಗಾಡಿ ನಿಲ್ಲಿಸಿದ್ದಕ್ಕೆ ಅರಣ್ಯದವರು ದುಡ್ಡು ಕೇಳೋ ಹಾಗಿಲ್ಲ ಅಂತಿದೆ. ಕೇಳಬೇಕಾದರೆ ಪಾರ್ಕಿಂಗ್ ಜೊತೆಗೆ ಶೌಚಾಲಯ, ಕಸದ ತೊಟ್ಟಿ, ಮಾಹಿತಿ ಫಲಕ, ಊಟದ ಮೇಜು, ಕಾವಲು ಎಲ್ಲಾ ಇರಬೇಕು. ಅರಿಜೋನಾದ ಮೌಂಟ್ ಲೆಮನ್‌ನಲ್ಲಿ ನಡೆಯುತ್ತಿದ್ದ ನಾಲ್ಕು ಜನ ಕೋರ್ಟಿಗೆ ಹೋಗಿ, ಸೌಲಭ್ಯ ಬಳಸದೆ ಸುಮ್ಮನೆ ನಡೆಯುವವರಿಂದ ವಸೂಲಿ ಮಾಡೋ ಹಾಗಿಲ್ಲ ಅಂತ 2012ರಲ್ಲಿ ಗೆದ್ದರು. ನಾವೂ ಟಾಯ್ಲೆಟ್ ಬಳಸೋಲ್ಲ, ಮೇಜು ಹಿಮದಡಿ ಹೂತಿದೆ, ಇನ್ನೆಂಥ ದುಡ್ಡು? ಅಂದೆ.

ಅಪ್ಪಯ್ಯ ಎಲ್ಲ ಕೇಳಿಸಿಕೊಂಡರು. ಆಮೇಲೆ ಹಿಮದ ಗೋಡೆ ಕಡೆ ಕೈ ತೋರಿಸಿ, "ನೀ ಗಾಡಿ ನಿಲ್ಸಿದ ಜಾಗ ಖಾಲಿ ಮಾಡಿದ್ದು ಯಾರು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಅವರ ಪ್ರಶ್ನೆಯಲ್ಲೇ. ಸ್ನೋ-ಪಾರ್ಕ್ ಶುಲ್ಕ ಫಾರೆಸ್ಟಿನವರದ್ದಲ್ಲ, ರಾಜ್ಯದ್ದು. ನೆಲ ಕೇಂದ್ರ ಸರ್ಕಾರದ್ದಾದರೂ ಹಿಮ ತೆಗೆಸುವುದು ರಾಜ್ಯದವರು, ಅದು ನಡೆಯುವುದು ಈ ಚೀಟಿ ದುಡ್ಡಿನಿಂದ. ಅರಿಜೋನಾದ ತೀರ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಗೊತ್ತಿದ್ದೂ ಹೇಳಿದ್ದೆ.

ಸಿಟ್ಟಿನಲ್ಲೇ ಗಾಡಿ ತಿರುಗಿಸಿದೆ. ಘಾಟಿ ಮೇಲೆ ಸ್ಕೀ ಜನರ ಜಾತ್ರೆ. ಅಂಗಡಿಯಲ್ಲಿ ಉದ್ದ ಸಾಲು. ಚೀಟಿ ತಂದು, ಮತ್ತೆ ಬಂದು, ಜಾಗ ಸಿಕ್ಕಿ ಇಳಿಯುವಾಗ ಮೂರು ಗಂಟೆ. ಜನವರಿಯಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕೊಳದವರೆಗೆ ಹೋಗಿ ಬರೋಕೆ ಹೊತ್ತು ಸಾಲದು ಅನ್ನಿಸಿ ಅರ್ಧ ದಾರಿಯಲ್ಲೇ ನಿಂತೆವು. ತಂದ ಚಿತ್ರಾನ್ನ ಕಲ್ಲಾಗಿತ್ತು. ಅಪ್ಪಯ್ಯ ಮಾತ್ರ ಹಿಮದ ಮೇಲೆ ಯಾವುದೋ ಪ್ರಾಣಿಯ ಹೆಜ್ಜೆ ಕಂಡು ಕೂತುಬಿಟ್ಟಿದ್ದರು, ಮೊಲವೋ ಏನೋ ಅಂತ ಗೇಣು ಹಾಕುತ್ತಾ.

ನಂಗೆ ಆಗಲೂ ಸಿಟ್ಟು ಇಳಿದಿರಲಿಲ್ಲ. "ನಿಮ್ಮ ಈ ಹಟದಿಂದಲೇ ಅಲ್ವಾ, ನಾನು ಏಳನೇ ಕ್ಲಾಸಲ್ಲಿ ಶಾಲೆ ಬಿಟ್ಟು ಬಂದಿದ್ದು?" ಅಂದುಬಿಟ್ಟೆ.

ಅದೊಂದು ಹಳೇ ಕಥೆ. ಅಪ್ಪಯ್ಯ ಆಗ ಘಟ್ಟದ ಒಂದು ಫಾರೆಸ್ಟ್ ಗೇಟಿನಲ್ಲಿದ್ದರು. ನಾಟಾ ಸಾಗಿಸುವ ಲಾರಿಗಳ ರಹದಾರಿ ನೋಡಿ, ಪುಸ್ತಕದಲ್ಲಿ ಬರೆದು, ಗೇಟು ಎತ್ತಬೇಕು. ಯಾರೋ ದೊಡ್ಡವರ ಲಾರಿಯನ್ನು ರಹದಾರಿ ಇಲ್ಲ ಅಂತ ತಡೆದರು, ಅದಕ್ಕೇ ನಡುವರ್ಷದಲ್ಲಿ ಬಯಲುಸೀಮೆಗೆ ವರ್ಗ ಆಯಿತು. ನಾನು ಗೆಳತಿಯರನ್ನೂ, ಮಳೆಯನ್ನೂ, ಮನೆ ಮುಂದಿನ ಹಲಸಿನ ಮರವನ್ನೂ ಬಿಟ್ಟು ಬಂದೆ. ಅಮ್ಮ ಹೇಳುತ್ತಿದ್ದ ಕಥೆ ಇದು. ದುಃಖ ಆದಷ್ಟೇ ಹೆಮ್ಮೆಯೂ ಇತ್ತು. ಕಾಲೇಜಿನಲ್ಲಿ ಹೇಳಿದ್ದೀನಿ, ಮದುವೆಗೆ ಮುಂಚೆ ಗಂಡನಿಗೂ ಹೇಳಿದ್ದೀನಿ.

ಅಪ್ಪಯ್ಯ ಹೆಜ್ಜೆ ನೋಡುತ್ತಲೇ ಹೇಳಿದರು. "ತಡೀಲಿಲ್ಲ ಮಾರಾಯ್ತಿ. ಬಿಟ್ಟೆ."

ರಾತ್ರಿ ಎರಡು ಗಂಟೆಯಂತೆ. ಜಡಿ ಮಳೆ. ಡ್ರೈವರ್ ಗುರುತಿನವನೇ, ಚೀಟಿ ನಾಳೆ ತಂದುಕೊಡ್ತೀನಿ ಗಾರ್ಡ್ರೇ ಅಂದನಂತೆ. ಕಂಬಳಿ ಬಿಟ್ಟು ಎದ್ದು, ಲಾಟೀನು ಹಿಡಿದು, ಪುಸ್ತಕ ತೆಗೆಯೋಕೆ ಸೋಮಾರಿತನ. ದುಡ್ಡು ತಗೊಳ್ಳಲಿಲ್ಲ, ಗೇಟು ಎತ್ತಿದರು ಅಷ್ಟೆ. ಹತ್ತು ಮೈಲಿ ಕೆಳಗೆ ಸ್ಕ್ವಾಡಿನವರು ಲಾರಿ ಹಿಡಿದರು. ಒಳಗೆ ಬೀಟೆ ಮರ ಇತ್ತು. ಕೆಲಸ ಹೋಗಬೇಕಿತ್ತು, ಹಳೇ ರೇಂಜರ್ ಒಬ್ಬರು ಕನಿಕರದಿಂದ ವರ್ಗಾವಣೆಯಲ್ಲಿ ಮುಗಿಸಿದರು.

"ಅಮ್ಮಂಗೆ?" ಅಂದೆ.

"ಅವಳು ಊರವರ ಹತ್ರ ಹಾಗೆ ಹೇಳಿದ್ಲು. ನಾ ತಿದ್ದಲಿಲ್ಲ."

ಮತ್ತೇನೂ ಹೇಳಲಿಲ್ಲ. ಬೆಳಕು ಹೋಗುತ್ತಿತ್ತು, ಎದ್ದು ಗಾಡಿ ಕಡೆ ನಡೆದೆವು. ನಂಗೆ ಏನು ಅನ್ನಿಸಿತು ಅಂತ ಈಗಲೂ ಸರಿಯಾಗಿ ಹೇಳೋಕಾಗುತ್ತಿಲ್ಲ. ಇಪ್ಪತ್ತೈದು ವರ್ಷ ನಾನು ಹೊತ್ತು ತಿರುಗಿದ ಹೆಮ್ಮೆ ಸುಳ್ಳು ಅನ್ನಿಸಿ ಸ್ವಲ್ಪ ಹೊತ್ತು ಮೋಸ ಹೋದ ಹಾಗಾಯಿತು. ಬರುವಾಗ ಹೆದ್ದಾರಿಯಲ್ಲಿ ಹಿಮ ತಳ್ಳುವ ಲಾರಿಯೊಂದು ನಮ್ಮ ಮುಂದೆಯೇ ಹೋಗುತ್ತಿತ್ತು. ಹಿಂದಿಕ್ಕುವ ಹಾಗಿಲ್ಲ, ನಿಧಾನಕ್ಕೆ ಅದರ ಬೆನ್ನಿಗೆ ಬಂದೆವು. ಚಳಿಯಲ್ಲಿ, ಕತ್ತಲಲ್ಲಿ, ಒಳಗೆ ಒಬ್ಬನೇ ಕೂತು ಓಡಿಸುತ್ತಿದ್ದ ಆ ಮನುಷ್ಯನನ್ನು ಅಪ್ಪಯ್ಯ ಕುತ್ತಿಗೆ ಚಾಚಿ ಚಾಚಿ ನೋಡುತ್ತಿದ್ದರು. ಮಳೆಯ ರಾತ್ರಿ ಗೇಟಿನಲ್ಲಿ ಕೂತವರಿಗೆ ಏನೇನು ಕಂಡಿತೋ.

ಫೆಬ್ರವರಿಯಲ್ಲಿ ಅವರು ಊರಿಗೆ ಹೋದರು, ಮಾರ್ಚಲ್ಲಿ ಜಗತ್ತೇ ಬಾಗಿಲು ಹಾಕಿತು.

ಈಗ ನವೆಂಬರ್ ಬಂದ ಕೂಡಲೇ ಸೀಸನ್ ಪರ್ಮಿಟ್ ತಗೊಂಡುಬಿಡುತ್ತೇನೆ. ದರ ಏರಿದೆ. ಒಂದೆರಡು ಸಲಕ್ಕಿಂತ ಹೆಚ್ಚು ಹೋಗುವವರಿಗೆ ಅದೇ ಲಾಭ. ಮನೆಯಲ್ಲೇ ನೋಡಿಕೊಂಡು ಹೊರಡಿ, ನನ್ನ ಹಾಗೆ ಅರ್ಧ ದಿನ ಕಳೆದುಕೊಳ್ಳಬೇಡಿ. ಶುಲ್ಕ ಜಾಸ್ತಿ ಅನ್ನುವವರ ಮಾತಲ್ಲೂ ನ್ಯಾಯ ಇದೆ. ಕಾಡು ಎಲ್ಲರದ್ದು, 20 ಡಾಲರ್ ಎಲ್ಲರ ಹತ್ತಿರ ಇರೋದಿಲ್ಲ. ಆ ಜಗಳ ಆಡಬೇಕಾದ್ದೇ. ಆದರೆ ನಾನು ಅವತ್ತು ಆಡಿದ್ದು ಆ ಜಗಳ ಅಲ್ಲ. ನಂಗೆ ಗಾಡಿ ತಿರುಗಿಸೋಕೆ ಸೋಮಾರಿತನ, ಅಷ್ಟೆ.

ಹೋದ ವರ್ಷ ಊರಿಗೆ ಹೋದಾಗ ಅಮ್ಮ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಅಜ್ಜ ಲಾರಿ ತಡೆದ ಕಥೆ ಹೇಳುತ್ತಿದ್ದಳು. ಅಪ್ಪಯ್ಯ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ನಾನೂ ತಿದ್ದಲಿಲ್ಲ.