ಲಕ್ವ ಅಲ್ಲ, ಜಾಗ ಬಿಟ್ಟ ಪ್ರೋಟೀನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಈ ಐದೂ ತಾಲೂಕಿನಲ್ಲಿ ಕೈಕಾಲು ಸ್ವಾಧೀನ ತಪ್ಪಿದರೆ ಒಂದೇ ಹೆಸರು: ಲಕ್ವ. ಕೊಟ್ಟೂರಿನ ನಮ್ಮ ದೊಡ್ಡಪ್ಪನ ಕಾಯಿಲೆಗೂ ಅದೇ ಹೆಸರು ಬಿತ್ತು. ಎಣ್ಣೆ ತಿಕ್ಕಿದ್ದಾಯ್ತು, ನಾಟಿ ಔಷಧಿ ಆಯ್ತು, ಹರಕೆಯೂ ಆಯ್ತು. ಆದರೆ ಲಕ್ವ ಹೊಡೆಯೋದು ಒಂದೇ ಏಟಿಗೆ. ದೊಡ್ಡಪ್ಪನ ಕೈ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸಣ್ಣಗಾಯ್ತು. ಅಂಗಿ ಗುಂಡಿ ಹಾಕೋಕೆ ಆಗದಾಯ್ತು, ಆಮೇಲೆ ಮಾತು ತೊದಲಿತು. ಕೊನೆಗೆ ಬೆಂಗಳೂರಿನಲ್ಲಿ ಗೊತ್ತಾಯ್ತು, ಇದು ಎಎಲ್ಎಸ್. ಸ್ಟೀಫನ್ ಹಾಕಿಂಗ್‌ಗೆ ಇದ್ದ ಕಾಯಿಲೆ.

"ಯಾವ ಪಾಪ ಮಾಡಿದ್ನೋ ತಮ್ಮಾ, ಯಾಕ ಹಿಂಗಾತು?" ಅಂತ ಅವರು ಕೇಳಿದರು. ಉತ್ತರಕ್ಕಾಗಿ ಓದೋಕೆ ಕೂತೆ.

ನಮ್ಮ ಕ್ಲಾಸ್‌ರೂಮ್ ಭಾಷೆಯಲ್ಲೇ ಹೇಳ್ತೀನಿ. ಡಿಎನ್ಎ ಸೋರ್ಸ್ ಕೋಡ್, ಆರ್‌ಎನ್ಎ ಅದರ ನಕಲು. ನಕಲಿನಲ್ಲಿರೋ ಬೇಡದ ಸಾಲುಗಳನ್ನು ಕತ್ತರಿಸಿದ ಮೇಲೇ ಪ್ರೋಟೀನ್ ತಯಾರಾಗೋದು. ಆ ಕತ್ತರಿ ಕೆಲಸ ತಪ್ಪದಂತೆ ಆರ್‌ಎನ್ಎಗೆ ಅಂಟಿಕೊಂಡು ಕಾಯುವ ಪ್ರೋಟೀನ್‌ಗಳಲ್ಲಿ ಒಂದು ಟಿಡಿಪಿ-43. ಅದು ಹೆಚ್ಚಾಗಿ ಇರಬೇಕಾದ ಜಾಗ ಜೀವಕೋಶದ ನ್ಯೂಕ್ಲಿಯಸ್. ಎಎಲ್ಎಸ್‌ನಲ್ಲಿ ಅದು ಹೊರಗೆ ಬಂದು ಗಂಟು ಕಟ್ಟುತ್ತೆ. ತೀರಿಹೋದ ರೋಗಿಗಳ ಮೆದುಳು, ಬೆನ್ನುಹುರಿ ಪರೀಕ್ಷಿಸಿ 2006ರಲ್ಲಿ ಇದನ್ನು ಕಂಡುಹಿಡಿದರು. ನೂರಕ್ಕೆ 95ಕ್ಕೂ ಹೆಚ್ಚು ರೋಗಿಗಳಲ್ಲಿ ಇದೇ ಕಥೆ.

ಇದರಿಂದ ಎರಡು ಕಡೆ ಪೆಟ್ಟು. ಒಂದು, ಒಳಗೆ ಕಾವಲಿಲ್ಲದೆ ಕಾಮೆಂಟ್ ಮಾಡಿಟ್ಟ ಸಾಲುಗಳೂ ಕಂಪೈಲ್ ಆಗ್ತವೆ. ಸ್ಟಾತ್ಮಿನ್-2 ಅನ್ನೋ ಪ್ರೋಟೀನ್ ಹೀಗೇ ಕಡಿಮೆಯಾಗುತ್ತೆ ಅಂತ 2019ರಲ್ಲಿ ತಿಳಿಯಿತು. ನರದ ಎಳೆ ರಿಪೇರಿಯಾಗೋಕೆ ಅದು ಬೇಕೇ ಬೇಕು. ಬೆನ್ನುಹುರಿಯಿಂದ ಪಾದದ ತನಕ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ! ಎರಡು, ಹೊರಗಿನ ಗಂಟು. ಕೋಶಕ್ಕೆ ಒತ್ತಡ ಬಿದ್ದಾಗ ಇಂಥ ಪ್ರೋಟೀನ್‌ಗಳು ಹನಿಯಾಗಿ ಗುಂಪುಗೂಡಿ ಮತ್ತೆ ಕರಗೋದು ಸಹಜ, ತುಪ್ಪ ಹೆಪ್ಪುಗಟ್ಟಿ ಕರಗಿದ ಹಾಗೆ. ಕಾಯಿಲೆಯ ಗಂಟು ಮಾತ್ರ ಒಡೆದ ಹಾಲಿನಂತೆ, ಮೊದಲಿನಂತಾಗಲ್ಲ.

ದೊಡ್ಡಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. "ಪಾಪ ಅಲ್ಲ ದೊಡ್ಡಪ್ಪ, ನರದಾಗ ಒಂದು ಪ್ರೋಟೀನು ತನ್ನ ಜಾಗ ಬಿಟ್ಟೈತಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸ್ ಕಳ್ಸಾಕ ಬರಂಗಿಲ್ಲೇನು?" ಅಂದರು. ಎಷ್ಟೋ ಲ್ಯಾಬುಗಳು ಇವತ್ತು ಕೇಳಿಕೊಳ್ತಿರೋ ಪ್ರಶ್ನೆಯೂ ಅದೇ. ಸದ್ಯಕ್ಕಿರೋ ರಿಲುಜೋಲ್ ಮಾತ್ರೆ ಕೆಲವು ತಿಂಗಳು ಜಾಸ್ತಿ ಕೊಡುತ್ತೆ, ಅಷ್ಟೇ.

ನಿಮ್ಮೂರಲ್ಲಿ ಯಾರದಾದರೂ ಕೈ ನೋವಿಲ್ಲದೆ ಸಣ್ಣಗಾಗ್ತಿದ್ರೆ, ಸ್ನಾಯು ತಾನಾಗೇ ಅದುರುತ್ತಿದ್ರೆ, ಲಕ್ವ ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಬೇಗ ನರರೋಗ ತಜ್ಞರಿಗೆ ತೋರಿಸಿ. ಗುಣ ಆಗದಿದ್ದರೂ ನುಂಗೋಕೆ, ಉಸಿರಾಡೋಕೆ ಬೇಕಾದ ಸಹಾಯ ಹೊತ್ತಿಗೆ ಸಿಗುತ್ತೆ. ಪಾಪ ಮಾಡಿದ್ದೆ ಅನ್ನೋ ಭಾರವೂ ಇಳಿಯುತ್ತೆ.