ಕೆರೆ ನೋಡಲು ಹೋದವರು ಏರಿಯನ್ನೂ ನೋಡಲಿ

ಹಾವೇರಿಯ ಊರಂಚಿನಲ್ಲಿ ಹೆಗ್ಗೆರೆ, ರಾಣೆಬೆನ್ನೂರಿನಲ್ಲಿ ದೊಡ್ಡಕೆರೆ. ಹೆಸರು ಎರಡಾದರೂ ಅರ್ಥ ಒಂದೇ. ‘ಹಿರಿದು’ ಮತ್ತು ‘ಕೆರೆ’ ಕೂಡಿ ‘ಹೆಗ್ಗೆರೆ’ಯಾಯಿತೆಂಬುದು ವ್ಯಾಕರಣ ಓದಿದ ಮಕ್ಕಳಿಗೆ ಗೊತ್ತು, ಜನರ ಬಾಯಲ್ಲಿ ಅದು ಹೆಗ್ಗೇರಿ. ಈ ಎರಡು ಊರುಗಳ ನಡುವೆ ರೈಲುದಾರಿಯಲ್ಲಿ ಸಿಗುವುದು ಬ್ಯಾಡಗಿ. ಅದೇ ತಾಲ್ಲೂಕಿನ ಕಾಗಿನೆಲೆಗೆ ಪ್ರವಾಸ ಬರುವ ಶಾಲಾ ಮಕ್ಕಳು ಕನಕದಾಸರ ನೆಲೆಯನ್ನು ನೋಡಿ, ಕೆರೆಯ ದಂಡೆಗೂ ಹೋಗಿ ಬರುತ್ತಾರೆ. ಜಿಲ್ಲೆಯ ಕೆರೆಗಳಲ್ಲಿ ಹಿರಿಯಜ್ಜನಂತಿರುವುದು ಮಾಸೂರಿನ ಬಳಿಯ ಮದಗದ ಕೆರೆ. ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಏರಿ ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ್ದು. ಅದು ತುಂಬಿ ಕೋಡಿ ಬಿದ್ದರೆ ಜಲಪಾತವೇ ಆಗುತ್ತದೆ. ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ಹೀಗೆ ಬೇಸಾಯಕ್ಕೆಂದು ಕಟ್ಟಿದ ಕೆರೆಗಳು ಇಂದು ಸಂಜೆಯ ತಿರುಗಾಟಕ್ಕೂ ಭಾನುವಾರದ ಊಟಕ್ಕೂ ತಾಣಗಳಾಗಿವೆ. ಬಂದವರೆಲ್ಲ ನೋಡುವುದು ನೀರನ್ನು. ಆ ನೀರನ್ನು ತಡೆದು ನಿಂತ ಮಣ್ಣಿನ ಏರಿಯ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ.

ಕೆರೆ ಅಗಲವಾದಷ್ಟೂ ಏರಿಯ ಮೇಲೆ ಒತ್ತಡ ಹೆಚ್ಚು ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ನೀರಿನ ಒತ್ತಡ ಆಳವನ್ನು ಅವಲಂಬಿಸಿದೆಯೇ ಹೊರತು ಅಗಲವನ್ನಲ್ಲ. ಮೂರು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಭಾರ ಸುಮಾರು 3 ಟನ್. ಕೆರೆ ಹತ್ತು ಎಕರೆಯದಾಗಲಿ, ಐನೂರು ಎಕರೆಯದಾಗಲಿ ಇದು ಬದಲಾಗದು. ಅಗಲದ ಲೆಕ್ಕ ಬರುವುದು ಏರಿ ಒಡೆದ ಮೇಲೆ: ಎಷ್ಟು ನೀರು ಕೆಳಗಿನ ಹೊಲಮನೆಗಳಿಗೆ ನುಗ್ಗೀತು ಎಂಬಲ್ಲಿ.

ಮಣ್ಣಿನ ಏರಿಗೆ ಶತ್ರುಗಳು ಮುಖ್ಯವಾಗಿ ಎರಡು. ಮೊದಲನೆಯದು ಒಳಗಿನ ಸವೆತ. ಯಾವ ಏರಿಯಲ್ಲೂ ಅಲ್ಪಸ್ವಲ್ಪ ನೀರು ಜಿನುಗುತ್ತದೆ. ಜಿನುಗಿದ ನೀರು ತಿಳಿಯಾಗಿದ್ದು, ಪ್ರಮಾಣವೂ ಹೆಚ್ಚದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಕದಡಿದ ನೀರು ಬಂದರೆ ಅದು ಏರಿಯ ಮಣ್ಣನ್ನೇ ಕಣಕಣವಾಗಿ ಹೊತ್ತು ತರುತ್ತಿದೆ ಎಂದರ್ಥ. ಒಳಗೆ ಸಣ್ಣ ಸುರಂಗ ಬೆಳೆಯುತ್ತದೆ. ಅದು ಹಿಗ್ಗಿದಂತೆಲ್ಲ ನೀರಿನ ರಭಸ ಹೆಚ್ಚುತ್ತದೆ, ರಭಸ ಹೆಚ್ಚಿದಂತೆಲ್ಲ ಸುರಂಗ ಹಿಗ್ಗುತ್ತದೆ. ಹೆಗ್ಗಣ, ಏಡಿಗಳ ಬಿಲ, ಕಡಿದ ಜಾಲಿ ಮರದ ಕೊಳೆತ ಬೇರು, ತೂಬಿನ ಕಲ್ಲಿನ ಪಕ್ಕದ ಸಂದು – ಇಷ್ಟೇ ಸಾಕು, ನೀರಿಗೆ ದಾರಿ ಸಿಕ್ಕೀತು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಎರೆಹೊಲ ಬೇಸಿಗೆಯಲ್ಲಿ ಬಾಯ್ಬಿಡುವುದನ್ನು ಈ ಭಾಗದ ಎಲ್ಲರೂ ಕಂಡಿದ್ದಾರೆ. ಎರೆಮಣ್ಣಿನ ಏರಿಯೂ ಹಾಗೆಯೇ ಬಿರಿಯಬಲ್ಲದು. ಆದ್ದರಿಂದ ವರ್ಷಗಟ್ಟಲೆ ಬತ್ತಿದ್ದ ಕೆರೆ ಒಮ್ಮೆಲೇ ತುಂಬಿದಾಗ ಸಂಭ್ರಮದೊಡನೆ ಎಚ್ಚರವೂ ಬೇಕು.

ಎರಡನೆಯ ಶತ್ರು, ಏರಿಯ ಮೇಲೆ ಹರಿಯುವ ನೀರು. ಇದನ್ನು ತಪ್ಪಿಸಲೆಂದೇ ಕೋಡಿ ಇರುವುದು. ಕುಕ್ಕರಿಗೆ ಸೇಫ್ಟಿ ವಾಲ್ವ್ ಹೇಗೋ ಕೆರೆಗೆ ಕೋಡಿ ಹಾಗೆ. ಮೀನು ಹೋಗಬಾರದೆಂದು ಅದಕ್ಕೆ ಜಾಲರಿ ಕಟ್ಟುವುದು, ನೀರು ಇನ್ನೊಂದಡಿ ನಿಲ್ಲಲೆಂದು ಮರಳಿನ ಚೀಲ ಇಡುವುದು ವಾಲ್ವಿಗೆ ಬಿರಡೆ ಹಾಕಿದಂತೆಯೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶ್ರೀಮಂತರ ಕ್ಲಬ್ಬೊಂದು ವಿಹಾರಕ್ಕಾಗಿ ಇಟ್ಟುಕೊಂಡಿದ್ದ ಸೌತ್ ಫೋರ್ಕ್ ಕೆರೆಯಲ್ಲಿ ಆದದ್ದು ಇದೇ. ಸಾರೋಟು ಓಡಾಡಲೆಂದು ಏರಿಯ ಎತ್ತರ ತಗ್ಗಿಸಿದ್ದರು. ಮೀನಿಗಾಗಿ ಕೋಡಿಗೆ ಜಾಲರಿ ಹಾಕಿದ್ದರು. 1889ರ ಮೇ 31ರಂದು ಮಹಾಮಳೆಗೆ ನೀರು ಏರಿಯನ್ನು ದಾಟಿ, ಏರಿ ಕೊಚ್ಚಿಹೋಯಿತು. ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣ ಮತ್ತು ಸುತ್ತಲಲ್ಲಿ ಸತ್ತವರು 2,200ಕ್ಕೂ ಹೆಚ್ಚು.

ದೂರದ ಮಾತೇಕೆ? ಹಾನಗಲ್ಲಿನ ನೆರೆಯ ಮುಂಡಗೋಡ ತಾಲ್ಲೂಕಿನಲ್ಲಿ ಚಿಗಳ್ಳಿ ಜಲಾಶಯದ ಮಣ್ಣಿನ ಒಡ್ಡು 2020ರ ಜನವರಿಯಲ್ಲಿ ಒಡೆದು, ಹೊಲಗದ್ದೆಗಳಿಗೆ ನೀರು ನುಗ್ಗಿತು. ತಿಂಗಳನ್ನು ಗಮನಿಸಬೇಕು. ಅದು ಮಳೆಗಾಲವಲ್ಲ. ಏರಿಯ ಕಾವಲು ಶ್ರಾವಣಕ್ಕೆ ಮುಗಿಯುವ ಕೆಲಸವಲ್ಲವೆಂಬುದು ಇದರಿಂದ ಸ್ಪಷ್ಟ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನವಾದರೆ ಕೆಲವು ಷರತ್ತುಗಳಿಗೆ ಒಳಪಟ್ಟು. ಅದಕ್ಕಿಂತ ತಗ್ಗಿನ ಊರ ಕೆರೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ನೀರಗಂಟಿ ತೂಬು ತೆಗೆಯುವುದರ ಜೊತೆಗೆ ಏರಿಯನ್ನೂ ನೋಡಿಕೊಳ್ಳುತ್ತಿದ್ದ. ಇಂದು ಅನೇಕ ಊರುಗಳಲ್ಲಿ ಆತನಿಲ್ಲ. ಆದರೆ ಆತನಿಗಿಂತ ಹೆಚ್ಚು ಜನ ದಿನವೂ ಏರಿಯ ಮೇಲೆ ನಡೆದಾಡುತ್ತಿದ್ದಾರೆ.

ಅವರು ನೋಡಬೇಕಾದದ್ದು ಕಷ್ಟದ್ದಲ್ಲ. ಏರಿಯ ಹಿಂಬದಿಯ ಬುಡದಲ್ಲಿ ಹೊಸದಾಗಿ ಒರತೆ ಎದ್ದಿದೆಯೇ? ಬಂದ ನೀರು ತಿಳಿಯೋ, ಕದಡಿದೆಯೋ? ಒಂದು ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಇಟ್ಟರೆ ತಳದ ಕೆಸರೇ ಉತ್ತರ ಹೇಳುತ್ತದೆ. ಏರಿಯ ತಲೆಯ ಮೇಲೆ ತಗ್ಗು, ಅಡ್ಡ ಬಿರುಕು, ಹೊಸ ಬಿಲ ಕಾಣುತ್ತಿವೆಯೇ? ಕೋಡಿಯಲ್ಲಿ ಮುಳ್ಳುಕಂಟಿ, ಕಸ ಸಿಕ್ಕಿದೆಯೇ? ಕಂಡದ್ದನ್ನು ದಿನಾಂಕ ಹಾಕಿ ಬರೆದು, ಗ್ರಾಮ ಪಂಚಾಯಿತಿಗೋ ನಗರಸಭೆಗೋ ಸಣ್ಣ ನೀರಾವರಿ ಇಲಾಖೆಗೋ ಮುಟ್ಟಿಸಬೇಕು. ಕದಡಿದ ನೀರು ಹೆಚ್ಚುತ್ತಿದ್ದರೆ ಬರೆಯುತ್ತ ಕೂರದೆ, ಕೆಳಗಿನ ಮನೆಯವರಿಗೆ ಮೊದಲು ತಿಳಿಸಬೇಕು.

ಒಂದು ಮಾತು ಮಾತ್ರ ತಂದೆತಾಯಿಗಳು ಮರೆಯಬಾರದು. ಏರಿಯ ಹಿಂಬದಿಗೆ ಇಳಿದು ನೋಡುವುದು ದೊಡ್ಡವರ ಕೆಲಸ, ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು. ಹರಿಯುವ ಕೋಡಿಯ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಮೊಣಕಾಲುದ್ದದ ನೀರೂ ರಭಸವಿದ್ದರೆ ಆಳನ್ನು ಕೆಡವುತ್ತದೆ. ಅದನ್ನು ದಡದಲ್ಲಿ ನಿಂತೇ ನೋಡಬೇಕು.