ಹೂವಿಗಿಂತ ಮೊದಲೇ ಹೋದವರು

2020ರ ಮಾರ್ಚಿಗೆ ಪುಣೆಯ ಆ ದಂಪತಿ ಜಪಾನಿಗೆ ಟಿಕೆಟ್ ತೆಗೆಸಿಟ್ಟಿದ್ದರು. ಕೋವಿಡ್ ಬಂತು, ಟಿಕೆಟ್ ರದ್ದಾಯಿತು. "ಮುಂದಿನ ವರ್ಷ ನೋಡೂಣು" ಅಂದರು ರಾಯರು. ಧಾರವಾಡ ಬಿಟ್ಟು ನಲವತ್ತು ವರ್ಷವಾಗಿದ್ದರೂ ಅವರ ಮಾತು ಮಾತ್ರ ಅಲ್ಲಿಯದೇ. ಮುಂದಿನ ವರ್ಷವೂ ಆಗಲಿಲ್ಲ. ಅದರ ಮುಂದಿನ ವರ್ಷ ಚಹಾದ ಕಪ್ಪು ಹಿಡಿದಾಗ ಅವರ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಅಂದರು ಡಾಕ್ಟರು. ಹೆಜ್ಜೆ ಚಿಕ್ಕದಾಗುತ್ತ ಬಂತು. "ಮುಂದಿನ ವರ್ಷ" ಅನ್ನುವ ಮಾತನ್ನು ಇಬ್ಬರೂ ಬಿಟ್ಟರು.

ರಾಯರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಚೆರ್ರಿ ಹೂವಿಗೂ ಒಂದು ಲೆಕ್ಕ ಹಾಕಿದರು. 2021ರಲ್ಲಿ ಟೋಕಿಯೊದಲ್ಲಿ ಹೂವು ಶುರುವಾದದ್ದು ಮಾರ್ಚ್ 14ಕ್ಕೆ. 2023ರಲ್ಲೂ ಮಾರ್ಚ್ 14ಕ್ಕೆ. ಶುರುವಾದ ಒಂದು ವಾರ, ಹತ್ತು ದಿನಕ್ಕೆ ಮರ ತುಂಬುತ್ತದೆ. ಹಾಗಾಗಿ 2024ರ ಮಾರ್ಚ್ 24ಕ್ಕೆ ಇಳಿಯುವಂತೆ, ಏಪ್ರಿಲ್ 1ಕ್ಕೆ ಮರಳುವಂತೆ ಟಿಕೆಟ್ ಮಾಡಿಸಿದರು. ಹಣ ವಾಪಸ್ ಬರದ ಅಗ್ಗದ ಟಿಕೆಟ್. ಯೊಶಿನೊ ಬೆಟ್ಟದ ಹೆಸರನ್ನು ಅವರೇ ಪಟ್ಟಿಯಿಂದ ಹೊಡೆದುಹಾಕಿದರು. ಅಲ್ಲಿ ಹೂವು ಬೆಟ್ಟದ ಬುಡದಿಂದ ತುದಿಯ ತನಕ ಹಂತ ಹಂತವಾಗಿ ಅರಳುತ್ತ ಹೋಗುತ್ತದೆ. ಕೆಳಗಿನದು ಉದುರಿದರೂ ಮೇಲೆ ಸಿಗುತ್ತದೆ. ಆದರೆ ಹತ್ತಬೇಕು.

ಟೋಕಿಯೊದಲ್ಲಿ ಮರಗಳೆಲ್ಲ ಬೋಳು. ಆ ವರ್ಷ ಮಾರ್ಚಿನಲ್ಲಿ ಚಳಿ ಬಿಟ್ಟಿರಲೇ ಇಲ್ಲ. ಯಾಸುಕುನಿ ದೇಗುಲದ ಆವರಣದಲ್ಲಿ ಹವಾಮಾನ ಇಲಾಖೆಯವರು ಗುರುತು ಮಾಡಿಟ್ಟ ಒಂದು ಮರವಿದೆ. ಅದರಲ್ಲಿ ಐದಾರು ಹೂವು ಬಿಟ್ಟರೆ ಸಾಕು, ಟೋಕಿಯೊಕ್ಕೆ ಹೂವು ಬಂತೆಂದು ಘೋಷಿಸುತ್ತಾರೆ. ದಂಪತಿ ಆ ಮರದ ಮುಂದೆ ನಿಂತು ಕತ್ತು ಎತ್ತಿ ಹುಡುಕಿದರು. ಒಂದೂ ಇರಲಿಲ್ಲ. ಮೊಗ್ಗಿನ ತುದಿಯಲ್ಲಿ ಮಾತ್ರ ಒಂದಿಷ್ಟು ಹಸಿರು.

"ನನ್ನ ಲೆಕ್ಕ ತಪ್ಪಿತು" ಅಂದರು ರಾಯರು. ಆ ರಾತ್ರಿ ಹೋಟೆಲಿನಲ್ಲಿ ಅವರು ಊಟ ಸರಿಯಾಗಿ ಮಾಡಲಿಲ್ಲ.

ತಪ್ಪು ಲೆಕ್ಕದ್ದಲ್ಲ, ಮರದ ಸ್ವಭಾವವೇ ಹಾಗೆ ಎಂಬುದು ಆಕೆಗೆ ತಿಳಿದದ್ದು ಕ್ಯೋಟೊದಲ್ಲಿ. ಜಪಾನಿನ ಪಾರ್ಕು, ನದಿದಂಡೆ, ಶಾಲೆಯ ಅಂಗಳಗಳಲ್ಲಿ ಹೆಚ್ಚಾಗಿ ಇರುವುದು ಸೊಮೆಯಿ ಯೊಶಿನೊ ಎಂಬ ಒಂದೇ ತಳಿ. ಬೀಜದಿಂದ ಬೆಳೆಸಿದ್ದಲ್ಲ, ಕಸಿ ಕಟ್ಟಿದ್ದು. ಎಲ್ಲವೂ ಒಂದೇ ಮರದ ತುಂಡುಗಳಿದ್ದಂತೆ. ಆದ್ದರಿಂದ ಅರಳಿದರೆ ಇಡೀ ಊರು ಒಟ್ಟಿಗೆ ಅರಳುತ್ತದೆ, ಕಾಯಿಸಿದರೆ ಇಡೀ ಊರು ಒಟ್ಟಿಗೆ ಕಾಯಿಸುತ್ತದೆ. ಬೇಗ ಬಂದವರು ಜಾಗ ಬದಲಿಸಿ ಪ್ರಯೋಜನವಿಲ್ಲ, ತಳಿ ಬದಲಿಸಬೇಕು.

ಹೋಟೆಲಿನ ಹುಡುಗಿ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿಕೊಟ್ಟಳು. ಕ್ಯೋಟೊ ಅರಮನೆಯ ಉದ್ಯಾನ, ಉತ್ತರದ ತುದಿ, ಹಿಂದೆ ಕೊನೊಯೆ ಮನೆತನದ ನಿವಾಸವಿದ್ದ ಜಾಗ. ಇಮಾದೆಗಾವಾ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ಟಿಕೆಟ್ ಇಲ್ಲ, ಮೆಟ್ಟಿಲಿಲ್ಲ. ಅಲ್ಲಿರುವುದು ಇತೊಜಾಕುರಾ, ನೂಲಿನಂತೆ ಕೊಂಬೆ ಇಳಿಬಿಡುವ ಚೆರ್ರಿ. ಅದು ಉಳಿದವುಗಳಿಗಿಂತ ಮೊದಲೇ ಅರಳುತ್ತದೆ.

ಮೆಟ್ಟಿಲಿರಲಿಲ್ಲ, ಆದರೆ ಜಲ್ಲಿ ಇತ್ತು. ಅರಮನೆಯ ಉದ್ಯಾನದ ಅಗಲವಾದ ದಾರಿಗಳಿಗೆಲ್ಲ ಸಣ್ಣ ಕಲ್ಲು ಹಾಸಿದೆ. ರಾಯರ ಕಾಲು ಅದರಲ್ಲಿ ಹೂತು ಎಳೆಯತೊಡಗಿತು. ಇಪ್ಪತ್ತು ಹೆಜ್ಜೆಗೆ ನಿಂತರು.

"ನೀ ಹೋಗಿ ನೋಡಿ ಬಾ. ನಾ ಇಲ್ಲೇ ಕೂಡ್ತೀನಿ."

ಆಕೆ ಸಿಟ್ಟಾಗಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಸುತ್ತ ನೋಡಿದಳು. ಶಾಲೆಯ ಹುಡುಗನೊಬ್ಬ ಸೈಕಲ್ ಮೇಲೆ ಬಂದ. ಅಷ್ಟು ಅಗಲದ ಜಲ್ಲಿಯಲ್ಲಿ ಅವನ ಚಕ್ರ ಒಂದೇ ಒಂದು ಗೆರೆ ಹಿಡಿದು ಓಡುತ್ತಿತ್ತು. ದಿನವೂ ಓಡಾಡುವ ಸೈಕಲ್‌ಗಳಿಂದ ಕಲ್ಲು ಸರಿದು ಒಂದು ಗೇಣಿನಷ್ಟು ಅಗಲ ಮಣ್ಣು ಗಟ್ಟಿಯಾಗಿ ಕಾಣುತ್ತಿತ್ತು.

"ಇದರ ಮ್ಯಾಲೆ ಬರ್ರಿ" ಅಂದಳು.

ರಾಯರು ಒಂದು ಕಾಲು ಇಟ್ಟರು. ಇನ್ನೊಂದು ಇಟ್ಟರು. ಆಕೆ ಜಲ್ಲಿಯ ಮೇಲೆ ಪಕ್ಕದಲ್ಲಿ ಕೈ ಹಿಡಿದು ನಡೆದಳು. ಎದುರಿಗೆ ಸೈಕಲ್ ಬಂದಾಗ ಇವರು ಸರಿಯುವ ಮೊದಲೇ ಅವರು ಇಳಿದು ದಾರಿ ಬಿಟ್ಟುಕೊಟ್ಟರು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಹೂವು ಇತ್ತು. ಕೊಳದ ಸುತ್ತ ಕೊಂಬೆಗಳು ನೆಲ ಮುಟ್ಟುವಷ್ಟು ಇಳಿದಿದ್ದವು. ಕತ್ತು ಎತ್ತಬೇಕಾಗಿರಲಿಲ್ಲ, ಬೆಂಚಿನ ಮೇಲೆ ಕೂತ ರಾಯರ ಮುಖದ ಮಟ್ಟಕ್ಕೇ ತಿಳಿಗುಲಾಬಿ ಬಣ್ಣದ ಗೊಂಚಲು. ನಡುಗುವ ಕೈಯಿಂದ ಕೊಂಬೆ ಮುಟ್ಟಿದರೆ ಹೂವು ಉದುರೀತೆಂದು ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮಧ್ಯಾಹ್ನದ ತನಕ ಅಲ್ಲಿಂದ ಏಳಲಿಲ್ಲ.

ಟೋಕಿಯೊದ ಆ ಮರ ಹೂ ಬಿಟ್ಟದ್ದು ಮಾರ್ಚ್ 29ಕ್ಕೆ, ಹಿಂದಿನ ವರ್ಷಕ್ಕಿಂತ 15 ದಿನ ತಡವಾಗಿ. ಪೂರ್ತಿ ಅರಳಿದ ಸುದ್ದಿ ಬಂದದ್ದು ಏಪ್ರಿಲ್ 4ಕ್ಕೆ. ಅಷ್ಟರಲ್ಲಿ ಇಬ್ಬರೂ ಪುಣೆಯ ಮನೆಯಲ್ಲಿದ್ದರು. ಅಡುಗೆಮನೆಯಲ್ಲಿ ಆಕೆ ಫೋನಿನಲ್ಲಿ ಆ ಚಿತ್ರ ತೋರಿಸಿದಳು: ನದಿದಂಡೆಯ ಉದ್ದಕ್ಕೂ ಹೂವಿನ ಚಪ್ಪರ.

ರಾಯರು ನೋಡಿದರು. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದು ಮೇಜಿನ ಮೇಲೆ ಇಟ್ಟರು.

"ಛಲೋ ಅದ" ಅಂದರು. "ಆ ಸೈಕಲ್ ಗೆರೀದು ಫೋಟೊ ತಗದೀ ಏನು?"